ಪದಚರ್ಚೆ: ಓಸ್ಟ್ರಕೋಡರ್ಮ್, ಪ್ಲಾಕೋಡರ್ಮ್ ಎರಡಕ್ಕೂ ಕವಚಮೀನೇ?

ಮಾನ್ಯರೇ,

ವಿಜ್ಞಾನ ಪ್ರದರ್ಶನವೊಂದಕ್ಕಾಗಿ ಆದಿಮೀನುಗಳ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅಚ್ಚಿಗೆ ಕೊಡಬೇಕು. ದವಡೆಯೇ ಇಲ್ಲದೆ ಮೈಮೇಲೆ ಮೂಳೆಯ ಹೊದಿಕೆ ಹೊತ್ತಿದ್ದ ಓಸ್ಟ್ರಕೋಡರ್ಮ್‌ಗಳಿಗೂ ದವಡೆಯುಳ್ಳ ಪ್ಲಾಕೋಡರ್ಮ್‌ಗಳಿಗೂ ನನಗೆ ದೊರೆತ ಟಿಪ್ಪಣಿಗಳಲ್ಲಿ ‘ಕವಚಮೀನು’ ಎಂಬ ಒಂದೇ ಪದವಿದೆ. ಎರಡು ಫಲಕಗಳೂ ಅಕ್ಕಪಕ್ಕದಲ್ಲೇ ಇರುವುದರಿಂದ ಇದು ನಡೆಯದು. ‘ಚಿಪ್ಪುಚರ್ಮಿ’, ‘ಹಲಗೆಚರ್ಮಿ’ ಎಂದರೆ ಸರಿಹೋದೀತೇ?

ಮರು:

ಸರಿಹೋಗದು. ಎರಡೂ ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ಅರಿಸಮಾಸಗಳು. ಅಲ್ಲದೆ, ಓಸ್ಟ್ರಕೋಡರ್ಮ್ ಎಂಬ ಹೆಸರಿನಲ್ಲಿರುವ ಗ್ರೀಕಿನ ‘ಓಸ್ಟ್ರಕಾನ್’ ಎಂದರೆ ಚಿಪ್ಪು ಮಾತ್ರವಲ್ಲ, ಒಡೆದ ಮಡಕೆಯ ಚೂರು ಕೂಡ. ಅಥೆನ್ಸಿನವರು ಗಡಿಪಾರಾಗಬೇಕಾದವನ ಹೆಸರನ್ನು ಗೀಚುತ್ತಿದ್ದುದು ಇಂಥ ಚೂರುಗಳ ಮೇಲೆಯೇ. ಮಡಕೆಯ ಚೂರಿಗೂ ತಲೆಬುರುಡೆಗೂ ಸಲ್ಲುವ ‘ಓಡು’ ನಮ್ಮಲ್ಲೇ ಇರುವಾಗ ‘ಚರ್ಮಿ’ಯ ಹಂಗೇಕೆ? ‘ಓಡುಮೀನು’, ‘ಹಲಗೆಮೀನು’ ಎಂದು ಬರೆಯಿರಿ. ಸಂಸ್ಕೃತದ ಮುಂದೆ ಕೈಯೊಡ್ಡುವ ಚಟ ಇನ್ನೆಷ್ಟು ಕಾಲ?

ಮರು:

‘ಓಡುಮೀನು’ ಎಂದು ಬರೆದರೆ ಶಾಲಾಮಕ್ಕಳು ಅದನ್ನು ಓಡುವ ಮೀನೆಂದೇ ತಿಳಿಯುತ್ತಾರೆ. ಅರಿಸಮಾಸದ ವಿಷಯದಲ್ಲಿ ಹಳಗನ್ನಡದ ವೈಯಾಕರಣ ಕೇಶಿರಾಜನೇ ಬಿರುದಾವಳಿಗೂ ಪೂರ್ವಕವಿಗಳ ಪ್ರಯೋಗಕ್ಕೂ ವಿನಾಯಿತಿ ಕೊಟ್ಟಿದ್ದಾನೆ. ಫಲಕ ಬರೆಯುವವರಿಗೂ ಅಷ್ಟು ದಯೆ ಇರಲಿ.

‘ಚರ್ಮಿ’ಗೆ ನನ್ನ ಆಕ್ಷೇಪವೂ ಇದೆ, ಆದರೆ ಕಾರಣ ಬೇರೆ. ಅದು ಒಂದು ವಂಶದ ಹೆಸರಿನಂತೆ ಕೇಳಿಸುತ್ತದೆ, ಇವೆರಡೂ ವಂಶಗಳಲ್ಲ. ಓಸ್ಟ್ರಕೋಡರ್ಮ್ ಎನಿಸಿಕೊಂಡ, ಲಾಳದ ಆಕಾರದ ತಲೆಗವಚವುಳ್ಳ ಸೆಫಲಾಸ್ಪಿಸ್‌ಗೆ ದವಡೆಯಿರಲಿಲ್ಲ. ಆದರೂ ಎದೆಯ ಪಕ್ಕದಲ್ಲಿ ಜೋಡಿ ಈಜುರೆಕ್ಕೆಗಳಿದ್ದ ಅದು, ಇಂದು ಬದುಕಿರುವ ದವಡೆಯಿಲ್ಲದ ಲ್ಯಾಂಪ್ರೇ ಮೀನಿಗಿಂತ ದವಡೆಯುಳ್ಳ ಪ್ರಾಣಿಗಳಿಗೇ ಹತ್ತಿರದ ನಂಟು. ಪ್ಲಾಕೋಡರ್ಮ್‌ಗಳ ಕಥೆಯೂ ಹೀಗೆಯೇ. ಚೀನಾದ ಯುನ್ನಾನ್‌ನಲ್ಲಿ ದೊರೆತು 2013ರಲ್ಲಿ ಪ್ರಕಟವಾದ, ಸುಮಾರು 41.9 ಕೋಟಿ ವರ್ಷ ಹಳೆಯ ಎಂಟೆಲೊಗ್ನಾಥಸ್ ಎಂಬ ಮೀನು ಮೈಯಲ್ಲಿ ಪ್ಲಾಕೋಡರ್ಮ್ ಆಗಿದ್ದರೂ ಅದರ ದವಡೆಯ ಅಂಚಿನ ಮೂಳೆಗಳು ಮೂಳೆಮೀನುಗಳದ್ದನ್ನು, ಅಂದರೆ ಆ ವಂಶದಿಂದಲೇ ಬಂದ ನಮ್ಮದನ್ನೂ, ಹೋಲುತ್ತವೆ. ಇದರಿಂದಾಗಿ, ಪ್ಲಾಕೋಡರ್ಮ್‌ಗಳು ಪಕ್ಕಕ್ಕೆ ಕವಲೊಡೆದು ಅಳಿದುಹೋದ ಒಂದು ಗುಂಪೆಂಬ ಹಳೆಯ ವಿಂಗಡಣೆ ಸಡಿಲವಾಗಿದ್ದು, ಅವು ನಮ್ಮ ವಂಶದ ಬುಡದಲ್ಲೇ ಸಾಲಾಗಿ ಬರುವ ಕವಲುಗಳೆಂಬ ವಾದ ಬಲಗೊಂಡಿದೆ.

ಆದ್ದರಿಂದ ವಂಶವನ್ನು ಸೂಚಿಸದೆ ಲಕ್ಷಣವನ್ನಷ್ಟೇ ಹೇಳುವ ‘ದವಡೆಯಿಲ್ಲದ ಕವಚಮೀನುಗಳು’, ‘ದವಡೆಯುಳ್ಳ ಕವಚಮೀನುಗಳು’ ಎಂದಿಟ್ಟು, ಕೆಳಗೆ ಮೂಲದ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ. ಉದ್ದವಾಯಿತೆನ್ನುವವರು ಫಲಕದ ಅಗಲ ಹೆಚ್ಚಿಸಲಿ. ಎರಡನೆಯ ಫಲಕದಲ್ಲಿ ಪ್ಲಾಕೋಡರ್ಮ್ ಆದ ಡಂಕ್ಲಿಯೋಸ್ಟಿಯಸ್‌ನ ಚಿತ್ರವಿದ್ದರೆ ಅದರ ಬಾಯಲ್ಲಿರುವುದನ್ನು ‘ಹಲ್ಲು’ ಎನ್ನಬೇಡಿ; ಅವು ಒಂದಕ್ಕೊಂದು ಉಜ್ಜಿ ಹರಿತವಾದ ಮೂಳೆಯ ಅಲಗುಗಳು.

ಇನ್ನು ಸಾಲದ ಮಾತು: ‘ಮೀನ’ವನ್ನು ಸಂಸ್ಕೃತವೇ ದ್ರಾವಿಡದಿಂದ ಪಡೆದಿದೆ ಎನ್ನುವ ವಿದ್ವಾಂಸರು ಹಲವರು. ಕೈಯೊಡ್ಡಿದವರು ನಾವಷ್ಟೇ ಅಲ್ಲ.

ಮರು:

ಮೀನು ನಮ್ಮದಾದರೆ ಅದರ ಮೈಮೇಲಿನ ಕವಚ ಯಾರದು? ಕಾವ್ಯಗಳಲ್ಲಿ ಯೋಧರು ತೊಡುತ್ತಿದ್ದ ‘ಜೋಡು’ ಏನಾಯಿತು? ಅದನ್ನು ಚಪ್ಪಲಿಗೆ ಬಿಟ್ಟುಕೊಟ್ಟವರೊಡನೆ ನನಗೆ ವಾದವಿಲ್ಲ.