ಒರಟು ಬೆಳ್ಳಿಯ ಮೇಲೆ ರಾಮನ್ ಸಿಗ್ನಲ್ ನಿಲ್ಲುತ್ತಿಲ್ಲ, ಅನುಭವ ಇರುವವರು ಹೇಳಿ

ಪ್ರಶ್ನೆ: ಬೆಳ್ಳಿ ಎಲೆಕ್ಟ್ರೋಡನ್ನು ಒರಟು ಮಾಡಿ, ಅದಕ್ಕೆ ಅಂಟಿದ ಪಿರಿಡಿನ್ ಎಂಬ ದ್ರವದ ಅಣುಗಳ ಕಂಪನವನ್ನು ರಾಮನ್‌ನಲ್ಲಿ (ಚದುರಿದ ಲೇಸರ್ ಬೆಳಕಿನಿಂದ ಅಣುಗಳ ಕಂಪನ ಗುರುತಿಸುವ ವಿಧಾನ) ನೋಡಬೇಕಿದೆ. ಒರಟು ಬೆಳ್ಳಿಯ ಮೇಲೆ ಈ ಸಿಗ್ನಲ್ ಹಲವು ಪಟ್ಟು ಹೆಚ್ಚುತ್ತೆ. ಒಂದು ಸಲ ಸಿಗ್ನಲ್ ಜೋರಾಗಿ ಬರುತ್ತೆ, ಇನ್ನೊಂದು ಸಲ ಏನೂ ಇಲ್ಲ. ಬೆಳ್ಳಿ–ಕ್ಲೋರಿನ್ ಕಂಪನವಂತೂ ಕಾಣೋದೇ ಇಲ್ಲ.

ಉತ್ತರ 1: ಒರಟು ಮಾಡುವ ಮೊದಲು ಪೂರ್ತಿ ನುಣುಪು ಮಾಡಿ. ಹಳೇ ಒರಟಿನ ಮೇಲೇ ಮುಂದುವರಿಸಿದರೆ ಪ್ರತಿ ಸಲ ಬೇರೆಯದೇ ಮೇಲ್ಮೈ ಸಿಗುತ್ತೆ. ಅಲ್ಯುಮಿನಾ ಪುಡಿ 1, 0.3, 0.05 ಮೈಕ್ರಾನ್, ಇದೇ ಕ್ರಮದಲ್ಲಿ ಉಜ್ಜಿ, ನೀರಿನಲ್ಲಿ ಸೋನಿಕೇಟ್ ಮಾಡಿ (ಅಲ್ಟ್ರಾಸೌಂಡ್‌ನಿಂದ ಅಲುಗಾಡಿಸಿ ತೊಳೆಯೋದು). ಇಲ್ಲದಿದ್ದರೆ ಪುಡಿ ಬೆಳ್ಳಿಯೊಳಗೇ ಕೂರುತ್ತೆ. ಆಮೇಲೆ 0.1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ, ಸಿಲ್ವರ್ ಕ್ಲೋರೈಡ್ ರೆಫರೆನ್ಸ್ (ವೋಲ್ಟೇಜ್ ಅಳೆಯಲು ಆಧಾರವಾಗುವ ಎಲೆಕ್ಟ್ರೋಡ್) ಇಟ್ಟು, −0.3 ವೋಲ್ಟ್‌ನಿಂದ +0.2ಕ್ಕೆ ಹೋಗಿ ವಾಪಸ್ ಬನ್ನಿ. ಎಷ್ಟು ಸುತ್ತು ಅನ್ನೋದಕ್ಕಿಂತ ಎಷ್ಟು ಚಾರ್ಜ್ ಹರಿಯಿತು ಅನ್ನೋದು ಮುಖ್ಯ: ಚದರ ಸೆಂಟಿಮೀಟರಿಗೆ ಸುಮಾರು 25 ಮಿಲಿಕೂಲಂಬ್ ಸಾಕು. ಹೊಳಪು ಹೋಗಿ ಮಬ್ಬಾದರೆ ಸರಿ. ಕಪ್ಪಾಗಿ, ತೊಳೆದಾಗ ಪುಡಿ ಉದುರಿದರೆ ಅತಿಯಾಗಿದೆ, ಮತ್ತೆ ಉಜ್ಜಿ. ಮಾಡಿದ ತಕ್ಷಣ ಬಳಸಿ. ಗಾಳಿಯಲ್ಲಿಟ್ಟರೆ ಗಂಧಕ ಹಿಡಿದು ಕಪ್ಪಾಗುತ್ತೆ.

ಉತ್ತರ 2: ಮೇಲಿನವರು ಹೇಳಿದ್ದು ಸರಿ, ಆದರೆ ಬೆಳ್ಳಿ–ಕ್ಲೋರಿನ್ ವಿಷಯಕ್ಕೆ ಮೊದಲು ಫಿಲ್ಟರ್ ನೋಡಿ. ಆ ಪಟ್ಟಿ ಬರೋದು 240 ವೇವ್‌ನಂಬರ್ (cm⁻¹, ರಾಮನ್ ಗೆರೆಯ ಸ್ಥಾನ ಹೇಳುವ ಅಳತೆ) ಹತ್ತಿರ. ಲೇಸರ್ ತಡೆಯುವ ಫಿಲ್ಟರ್ ಅಲ್ಲಿಯವರೆಗೂ ಕತ್ತರಿಸುತ್ತಿದ್ದರೆ ಮೇಲ್ಮೈ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಚಿಟಿಕೆ ಗಂಧಕದ ಪುಡಿ ಇಟ್ಟು ಸ್ಪೆಕ್ಟ್ರಮ್ ತೆಗೆಯಿರಿ: 219ರ ಗೆರೆ ಚೊಕ್ಕವಾಗಿ ಕಂಡರೆ ಫಿಲ್ಟರ್‌ನಲ್ಲಿ ತೊಂದರೆಯಿಲ್ಲ. ಆಮೇಲೆ ವೋಲ್ಟೇಜ್. ಋಣದ ಕಡೆ ಹೋದಷ್ಟೂ ಕ್ಲೋರೈಡ್ ಮೇಲ್ಮೈ ಬಿಟ್ಟು ಹೋಗುತ್ತೆ, ಪಟ್ಟಿಯೂ ಕುಗ್ಗುತ್ತೆ. −0.2ರ ಸುತ್ತ ನೋಡಿ.

ಉತ್ತರ 3: "ಇನ್ನೊಂದು ಸಲ ಏನೂ ಇಲ್ಲ" ಅಂದಿರಲ್ಲ, ನಡುವೆ −1.0 ವೋಲ್ಟ್‌ವರೆಗೆ ಹೋಗಿದ್ದಿರಾ? ಅಲ್ಲಿಗೆ ಹೋದರೆ ಸಿಗ್ನಲ್ ಕೊಡುವ ಜಾಗಗಳು ಅಳಿಯುತ್ತವೆ, ವಾಪಸ್ ಬಂದರೂ ಸಿಗ್ನಲ್ ಮರಳೋದಿಲ್ಲ. 1977ರಲ್ಲಿ ಜೀನ್‌ಮೇರ್, ವ್ಯಾನ್ ಡೈನ್ ಎಂಬ ರಸಾಯನಶಾಸ್ತ್ರಜ್ಞರು ಇದೇ ಬೆಳ್ಳಿ–ಪಿರಿಡಿನ್‌ಗೆ ಲೆಕ್ಕ ಹಾಕಿದಾಗ ಸಿಗ್ನಲ್ ಒಂದು ಲಕ್ಷ ಪಟ್ಟಿಗಿಂತ ಹೆಚ್ಚಾಗಿತ್ತು. ಮೇಲ್ಮೈ ವಿಸ್ತೀರ್ಣ ಹೆಚ್ಚಿದ್ದಷ್ಟರಿಂದಲೇ ಅದು ಬರಲು ಸಾಧ್ಯವಿಲ್ಲ. ಅದರ ಬಹುಪಾಲು ಬೆಳ್ಳಿಯ ಉಬ್ಬುಗಳ ನಡುವಿನ ಕೆಲವೇ ಸಂದುಗಳಿಂದ ಬರುತ್ತೆ. ಹಾಗಾಗಿ ಒಂದೇ ಬಿಂದು ನೋಡಿ ತೀರ್ಮಾನಿಸಬೇಡಿ, ಇಪ್ಪತ್ತಾದರೂ ಬಿಂದು ತೆಗೆದು ಸರಾಸರಿ ನೋಡಿ.

ಪಿರಿಡಿನ್ ಗೆರೆಗಳು 1008, 1036ರ ಸುತ್ತ ಇರಬೇಕು. ಬದಲಿಗೆ 1350, 1580ರಲ್ಲಿ ಅಗಲವಾದ ಗುಡ್ಡೆ ಎದ್ದರೆ ಅದು ಇಂಗಾಲ, ಲೇಸರ್ ಸುಡುತ್ತಿದೆ. ಪವರ್ ಒಂದು ಮಿಲಿವ್ಯಾಟ್‌ಗಿಂತ ಕೆಳಗಿಳಿಸಿ. ಚಿನ್ನಕ್ಕೆ ಬದಲಾಯಿಸುವುದಾದರೆ 532 ನ್ಯಾನೋಮೀಟರ್ ಲೇಸರ್ ಬೇಡ, ಆ ಬೆಳಕನ್ನು ಚಿನ್ನವೇ ಹೀರುತ್ತೆ. 633 ಅಥವಾ 785 ಹಿಡಿಯಿರಿ. ಪಿರಿಡಿನ್ ಬಾಟಲಿಯನ್ನು ಫ್ಯೂಮ್ ಹುಡ್ ಒಳಗೇ ತೆರೆಯಿರಿ.