ಲಿವರ್ ಕ್ಯಾನ್ಸರ್ ವರದಿಯಲ್ಲಿನ ಪ್ರೋಟೀನ್ ಸೂಚಕಗಳಿಂದ ಮುಂದಿನದು ಎಷ್ಟು ತಿಳಿಯುತ್ತದೆ?

ಪ್ರಶ್ನೆ (ರೋಗಿಯ ತಮ್ಮ)

ಎಲ್ಲರಿಗೂ ನಮಸ್ಕಾರ. ನಮ್ಮ ಅಣ್ಣನಿಗೆ ಹೆಪಟೋಸೆಲ್ಯುಲರ್ ಕಾರ್ಸಿನೋಮ, ಅಂದರೆ ಯಕೃತ್ತಿನ ಜೀವಕೋಶಗಳಲ್ಲೇ ಹುಟ್ಟುವ ಕ್ಯಾನ್ಸರ್ ಇರುವುದು ಪತ್ತೆಯಾಗಿ, ಗಡ್ಡೆ ಒಂದೇ ಇದ್ದುದರಿಂದ ಶಸ್ತ್ರಚಿಕಿತ್ಸೆ ಮಾಡಿ ಅದನ್ನು ತೆಗೆದಿದ್ದಾರೆ. ಅದಕ್ಕೆ ಮುಂಚೆ ರಕ್ತದಲ್ಲಿ ಎಎಫ್‌ಪಿ (ಆಲ್ಫಾ ಫೀಟೊಪ್ರೋಟೀನ್ ಎಂಬ ಪ್ರೋಟೀನ್) ಮಿಲಿಲೀಟರಿಗೆ 620 ನ್ಯಾನೊಗ್ರಾಂ ಇತ್ತು. ತೆಗೆದ ಗಡ್ಡೆಯನ್ನು ಪರೀಕ್ಷಿಸಿ ಈಗ ಬಂದಿರುವ ಪೆಥಾಲಜಿ ವರದಿಯಲ್ಲಿ ಗ್ಲಿಪಿಕಾನ್-3 ಪಾಸಿಟಿವ್, ಸಿಕೆ19 ಪಾಸಿಟಿವ್ ಎಂದು ಇನ್ನೆರಡು ಪ್ರೋಟೀನ್‌ಗಳ ಹೆಸರಿದೆ. ಅಂತರಜಾಲದಲ್ಲಿ ಹುಡುಕಿದರೆ ಈ ಮೂರೂ ಕೆಟ್ಟ ಸೂಚನೆಗಳೆಂದು ಹೇಳುವ ಸಂಶೋಧನಾ ಲೇಖನಗಳೇ ಸಿಗುತ್ತವೆ. ಇವನ್ನು ಒಟ್ಟಿಗೆ ಇಟ್ಟುಕೊಂಡು ಅಣ್ಣನ ಆಯುಷ್ಯದ ಬಗ್ಗೆ ಏನಾದರೂ ಖಚಿತವಾಗಿ ಹೇಳಲು ಸಾಧ್ಯವೇ ಎಂದು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ (ಪೆಥಾಲಜಿಸ್ಟ್)

ನೀವು ಹೆಸರಿಸಿದ ಮೂರು ಸೂಚಕಗಳ ಕೆಲಸ ಒಂದೇ ಅಲ್ಲ, ಆದ್ದರಿಂದ ಮೂರನ್ನೂ ಕೂಡಿಸಿ ಒಂದೇ ಲೆಕ್ಕ ಹಾಕುವುದು ಸರಿಯಾಗದು.

ಗ್ಲಿಪಿಕಾನ್-3 ಪರೀಕ್ಷೆಯನ್ನು ನಾವು ಮುಖ್ಯವಾಗಿ ರೋಗನಿರ್ಣಯಕ್ಕಾಗಿ ಮಾಡುತ್ತೇವೆ. ಸಿರೋಸಿಸ್ (ಗಾಯದ ಕಲೆಗಟ್ಟಿ ಯಕೃತ್ತು ಗಡುಸಾಗುವುದು) ಇರುವ ಯಕೃತ್ತಿನಲ್ಲಿ ಕಾಣುವ ಸಣ್ಣ ಗಂಟು ಕ್ಯಾನ್ಸರೋ ಅಥವಾ ಅದರ ಹಿಂದಿನ ಹಂತವೋ ಎಂಬ ಅನುಮಾನ ಬಂದಾಗ ಗ್ಲಿಪಿಕಾನ್-3, ಎಚ್‌ಎಸ್‌ಪಿ70 ಮತ್ತು ಗ್ಲುಟಮಿನ್ ಸಿಂಥಟೇಸ್ ಎಂಬ ಮೂರು ಪ್ರೋಟೀನ್‌ಗಳಿಗೆ ಬಣ್ಣ ಹಾಕಿ ನೋಡುತ್ತೇವೆ. ಎರಡಾದರೂ ಪಾಸಿಟಿವ್ ಬಂದರೆ ಕ್ಯಾನ್ಸರ್ ಎನ್ನಲು ಬಲ ಬರುತ್ತದೆ. ಗ್ಲಿಪಿಕಾನ್ ಹೆಚ್ಚಿರುವ ಗಡ್ಡೆಗಳ ಫಲಿತಾಂಶ ಕೆಳಮಟ್ಟದ್ದೆಂದು ಹೇಳುವ ಅಧ್ಯಯನಗಳು ಇವೆಯಾದರೂ, ಈ ಕ್ಯಾನ್ಸರಿನ ಬಹುಪಾಲು ಗಡ್ಡೆಗಳಲ್ಲಿ ಅದು ಪಾಸಿಟಿವ್ ಆಗಿಯೇ ಬರುವುದರಿಂದ, ಒಬ್ಬ ರೋಗಿಯನ್ನು ಇನ್ನೊಬ್ಬರಿಂದ ಬೇರ್ಪಡಿಸಿ ನೋಡಲು ಅದು ಹೆಚ್ಚು ನೆರವಾಗುವುದಿಲ್ಲ.

ಸಿಕೆ19 ವಿಷಯ ಬೇರೆ. ಪ್ರೌಢ ಯಕೃತ್ ಕೋಶಗಳಲ್ಲಿ ಈ ಪ್ರೋಟೀನ್ ಇರುವುದಿಲ್ಲ. ಪಿತ್ತನಾಳದ ಕೋಶಗಳಲ್ಲಿಯೂ ಯಕೃತ್ತಿನ ಮೂಲಕೋಶಗಳಲ್ಲಿಯೂ ಇರುತ್ತದೆ. ಗಡ್ಡೆಯ ಶೇಕಡಾ 5ಕ್ಕಿಂತ ಹೆಚ್ಚು ಕೋಶಗಳಲ್ಲಿ ಅದು ಕಂಡರೆ ಸಾಮಾನ್ಯವಾಗಿ ಪಾಸಿಟಿವ್ ಎನ್ನುತ್ತಾರೆ, ಮತ್ತು ಅಂಥ ರೋಗಿಗಳಲ್ಲಿ ಶಸ್ತ್ರಚಿಕಿತ್ಸೆಯ ನಂತರ ರೋಗ ಬೇಗ ಮರುಕಳಿಸುವ ಸಂಭವ ಹೆಚ್ಚೆಂಬುದು ಹಲವು ತಂಡಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆದರೆ ಅದೇ ವರದಿಯಲ್ಲಿ ಗಡ್ಡೆಯ ಅಳತೆ, ಕೋಶಗಳ ದರ್ಜೆ, ಕತ್ತರಿಸಿದ ಅಂಚು, ಎಲ್ಲಕ್ಕಿಂತ ಮುಖ್ಯವಾಗಿ ಸೂಕ್ಷ್ಮ ರಕ್ತನಾಳಗಳೊಳಗೆ ಕ್ಯಾನ್ಸರ್ ಕೋಶಗಳು ನುಗ್ಗಿವೆಯೇ ಇಲ್ಲವೇ ಎಂಬ ಸಾಲುಗಳಿರುತ್ತವೆ. ಆ ಸಾಲುಗಳನ್ನು ಓದದೆ ಸಿಕೆ19 ಒಂದನ್ನೇ ಹಿಡಿದುಕೊಳ್ಳಬೇಡಿ.

ಉತ್ತರ (ಯಕೃತ್ ರೋಗ ವೈದ್ಯ)

ಎಎಫ್‌ಪಿ ಬಗ್ಗೆ ನಾನು ಬರೆಯುತ್ತೇನೆ. 1963ರಲ್ಲಿ ಅಬೆಲೆವ್ ಮತ್ತು ಸಂಗಡಿಗರು ಇಲಿಗಳ ಯಕೃತ್ ಗಡ್ಡೆಯಲ್ಲಿ ಗುರುತಿಸಿದ ಈ ಪ್ರೋಟೀನನ್ನು ಭ್ರೂಣದ ಯಕೃತ್ತು ತಯಾರಿಸುತ್ತದೆ, ಹುಟ್ಟಿದ ಮೇಲೆ ಅದರ ಮಟ್ಟ ಇಳಿದುಹೋಗುತ್ತದೆ, ಕೆಲವು ಗಡ್ಡೆಗಳಲ್ಲಿ ಮತ್ತೆ ತಲೆಯೆತ್ತುತ್ತದೆ. ಎಲ್ಲ ಗಡ್ಡೆಗಳೂ ಅದನ್ನು ಸ್ರವಿಸುವುದಿಲ್ಲ. ಹೆಪಟೈಟಿಸ್ ಉಲ್ಬಣಿಸಿದಾಗಲೂ ಗರ್ಭಾವಸ್ಥೆಯಲ್ಲಿಯೂ ಅದು ಏರಬಹುದು. ಇಷ್ಟಾದರೂ ಮುನ್ನರಿವಿನ, ಅಂದರೆ ರೋಗ ಮುಂದೆ ಹೇಗೆ ಸಾಗೀತೆಂಬ ಅಂದಾಜಿನ ವಿಷಯದಲ್ಲಿ ದೈನಂದಿನ ಚಿಕಿತ್ಸೆಯಲ್ಲಿ ನಿಜವಾಗಿ ಬಳಕೆಗೆ ಬಂದಿರುವ ಪ್ರೋಟೀನ್ ಎಂದರೆ ಇದೇ. ಉದಾಹರಣೆಗೆ, ಯಕೃತ್ ಕಸಿಗೆ ಯಾರು ಸೂಕ್ತರೆಂದು ತೀರ್ಮಾನಿಸುವ 1996ರ ಮಿಲಾನ್ ಮಾನದಂಡ ಮುಖ್ಯವಾಗಿ ಗಡ್ಡೆಗಳ ಸಂಖ್ಯೆ ಮತ್ತು ಅಳತೆಯನ್ನು ನೋಡುತ್ತದೆ, ಎಎಫ್‌ಪಿಯನ್ನಲ್ಲ. 2012ರಲ್ಲಿ ಫ್ರಾನ್ಸಿನ ತಂಡವೊಂದು ಪ್ರಕಟಿಸಿದ ಮಾದರಿಯು ಅವುಗಳ ಜೊತೆಗೆ ಎಎಫ್‌ಪಿ 100 ಮತ್ತು 1000 ದಾಟಿದೆಯೇ ಎಂಬುದಕ್ಕೂ ಅಂಕ ಕೊಡುತ್ತದೆ.

ನಿಮ್ಮ ಅಣ್ಣನವರ ವಿಷಯದಲ್ಲಿ 620 ಎಂಬ ಹಳೆಯ ಸಂಖ್ಯೆಗಿಂತ ಈಗಿನ ಇಳಿಕೆ ಮುಖ್ಯ. ಎಎಫ್‌ಪಿಯ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಅದು ಅರ್ಧಕ್ಕಿಳಿಯಲು ಬೇಕಾದ ಕಾಲ, ಸುಮಾರು 5ರಿಂದ 7 ದಿನ. ಗಡ್ಡೆ ಪೂರ್ತಿ ಹೋಗಿದ್ದರೆ ಅದು ವಾರವಾರಕ್ಕೂ ಇಳಿಯುತ್ತಾ ಸಾಮಾನ್ಯ ಮಟ್ಟಕ್ಕೆ ಬರಬೇಕು. ಇಳಿಯದೆ ನಿಂತರೆ ಅಥವಾ ಇಳಿದು ಮತ್ತೆ ಏರತೊಡಗಿದರೆ ಸ್ಕ್ಯಾನ್ ಮಾಡಿ ಕಾರಣ ಹುಡುಕಬೇಕಾಗುತ್ತದೆ. ಕೆಲವು ಕಡೆ ಪಿವ್ಕಾ-2 ಎಂಬ ಅಸಹಜ ಪ್ರೋಥ್ರೊಂಬಿನನ್ನೂ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನಿನ ದೋಷಯುಕ್ತ ರೂಪ) ಅಳೆಯುತ್ತಾರೆ. ಅದರ ಏರಿಕೆಗೂ ರಕ್ತನಾಳಗಳೊಳಗಿನ ಹರಡುವಿಕೆಗೂ ನಂಟಿದೆ, ಆದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಔಷಧ ತೆಗೆದುಕೊಳ್ಳುವವರಲ್ಲಿ ಕ್ಯಾನ್ಸರ್ ಇಲ್ಲದಿದ್ದರೂ ಅದು ಏರುತ್ತದೆ.

ಮತ್ತೊಂದು ಮಾತು. ಈ ರೋಗದಲ್ಲಿ ಬಹಳ ಸಲ ರೋಗಿಯ ಗತಿಯನ್ನು ನಿರ್ಧರಿಸುವುದು ಉಳಿದ ಯಕೃತ್ತಿನ ಶಕ್ತಿ. ಯಕೃತ್ತು ತಯಾರಿಸುವ ಆಲ್ಬುಮಿನ್ ಕೂಡ ಒಂದು ಪ್ರೋಟೀನೇ. ಅದನ್ನೂ ಯಕೃತ್ತು ಹೊರಹಾಕುವ ಹಳದಿ ವರ್ಣದ್ರವ್ಯವಾದ ಬಿಲಿರುಬಿನನ್ನೂ ಸೇರಿಸಿ ಯಕೃತ್ತಿನ ಶಕ್ತಿ ಅಳೆಯಲು 2015ರಲ್ಲಿ ರೂಪಿಸಿದ ಆಲ್ಬಿ ದರ್ಜೆ, ಹೊಸ ಹೊಸ ಸೂಚಕಗಳಷ್ಟು ಸುದ್ದಿ ಮಾಡದಿದ್ದರೂ, ನನ್ನ ಅಭಿಪ್ರಾಯದಲ್ಲಿ ಅವುಗಳಲ್ಲಿ ಹಲವಕ್ಕಿಂತ ಹೆಚ್ಚು ಉಪಯುಕ್ತ.

ಮರುಪ್ರಶ್ನೆ (ರೋಗಿಯ ತಮ್ಮ)

ಇಬ್ಬರಿಗೂ ಕೃತಜ್ಞತೆಗಳು. ಮುನ್ನರಿವು ಕೆಟ್ಟದೆಂದು ತೋರಿಸುವ ಪ್ರೋಟೀನ್ ಸಿಕ್ಕಿದರೆ ಅದಕ್ಕೆ ತಕ್ಕ ಔಷಧವನ್ನೂ ಆರಿಸಬಹುದಲ್ಲವೇ? ಹಾಗಿದ್ದರೆ ಗಡ್ಡೆಯ ಎಲ್ಲ ಪ್ರೋಟೀನ್‌ಗಳ ಪರೀಕ್ಷೆ ಮಾಡಿಸುವುದು ಒಳ್ಳೆಯದೇ?

ಉತ್ತರ (ವೈದ್ಯಕೀಯ ಸಂಖ್ಯಾಶಾಸ್ತ್ರದ ಅಧ್ಯಾಪಕಿ)

ರೋಗ ಹೇಗೆ ಸಾಗೀತು ಎಂದು ಹೇಳುವ ಸೂಚಕ ಬೇರೆ, ಯಾವ ಔಷಧ ಫಲಿಸೀತು ಎಂದು ಹೇಳುವ ಸೂಚಕ ಬೇರೆ. ಮುಂದುವರಿದ ಯಕೃತ್ ಕ್ಯಾನ್ಸರಿಗೆ ಕೊಡುವ ಸೊರಾಫೆನಿಬ್ ಔಷಧದ ಶಾರ್ಪ್ ಪ್ರಯೋಗದ ರಕ್ತಮಾದರಿಗಳನ್ನು ಪರೀಕ್ಷಿಸಿದಾಗ, ರಕ್ತನಾಳಗಳ ಬೆಳವಣಿಗೆಗೆ ಸಂಬಂಧಿಸಿದ ಆಂಜಿಯೊಪೊಯಿಟಿನ್-2 ಪ್ರೋಟೀನ್ ಹೆಚ್ಚಿದ್ದವರು ಕಡಿಮೆ ಕಾಲ ಬದುಕಿದ್ದು ಕಂಡುಬಂತು. ಆದರೆ ಔಷಧದಿಂದ ಯಾರಿಗೆ ಹೆಚ್ಚು ಲಾಭವೆಂಬುದನ್ನು ಅದು ತಿಳಿಸಲಿಲ್ಲ. ಟಿವಾಂಟಿನಿಬ್ ಎಂಬ ಇನ್ನೊಂದು ಔಷಧದ ಕಥೆ ಇನ್ನೂ ಪಾಠವಾಗುವಂಥದ್ದು: ಎರಡನೆಯ ಹಂತದ ಪ್ರಯೋಗದಲ್ಲಿ ಮೆಟ್ ಪ್ರೋಟೀನ್ ಹೆಚ್ಚಿದ್ದವರಿಗೆ ಅದರಿಂದ ಲಾಭವಾದಂತೆ ಕಂಡರೂ, ಅಂಥವರನ್ನೇ ಆರಿಸಿ ನಡೆಸಿದ ಮೂರನೆಯ ಹಂತದ ಪ್ರಯೋಗದಲ್ಲಿ ಆಯುಷ್ಯ ಹೆಚ್ಚಲಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಸೊರಾಫೆನಿಬ್ ಬಳಸಿಯೂ ರೋಗ ನಿಲ್ಲದ, ಎಎಫ್‌ಪಿ 400 ಅಥವಾ ಹೆಚ್ಚಿದ್ದ ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ರೀಚ್-2 ಪ್ರಯೋಗದಲ್ಲಿ ರಾಮುಸಿರುಮಾಬ್ ಔಷಧ ಪಡೆದವರ ಮಧ್ಯಾಂಕ ಆಯುಷ್ಯ (ಅರ್ಧದಷ್ಟು ರೋಗಿಗಳು ಬದುಕಿದ್ದ ಅವಧಿ) 8.5 ತಿಂಗಳು, ಪಡೆಯದವರದು 7.3 ತಿಂಗಳು ಆಗಿತ್ತು. ನಿಮ್ಮ ಅಣ್ಣನವರದು ಶಸ್ತ್ರಚಿಕಿತ್ಸೆಯಾದ ರೋಗ. ಈ ಸಂಖ್ಯೆಗಳನ್ನು ಅವರಿಗೆ ಅನ್ವಯಿಸಿಕೊಳ್ಳಬಾರದು.

ಇನ್ನು ನೀವು ಓದಿದ ಲೇಖನಗಳ ಬಗ್ಗೆ. ಹೆಚ್ಚಿನವುಗಳ ರೀತಿ ಒಂದೇ: ಒಂದು ಆಸ್ಪತ್ರೆಯ ಹಳೆಯ ಮಾದರಿಗಳು, ಒಂದು ಪ್ರೋಟೀನ್, ವ್ಯತ್ಯಾಸ ಅತಿ ಹೆಚ್ಚಾಗಿ ಕಾಣುವ ಕಡೆಯಲ್ಲೇ ಎಳೆದ ಗಡಿರೇಖೆ. ದತ್ತಾಂಶ ನೋಡಿದ ಮೇಲೆ ರೇಖೆ ಎಳೆದರೆ ಏನಾದರೂ ಒಂದು ವ್ಯತ್ಯಾಸ ಸಿಕ್ಕೇ ಸಿಗುತ್ತದೆ. ಇಂಥ ಅಧ್ಯಯನಗಳನ್ನು ಹೇಗೆ ವರದಿ ಮಾಡಬೇಕೆಂದು 2005ರಲ್ಲೇ ರಿಮಾರ್ಕ್ ಮಾರ್ಗಸೂಚಿ ಬಂದಿದೆ. ಅದನ್ನು ಪಾಲಿಸದ ಲೇಖನಗಳು ಈಗಲೂ ಬರುತ್ತಲೇ ಇವೆ. ಗಡ್ಡೆಯ ಸಾವಿರಾರು ಪ್ರೋಟೀನ್‌ಗಳನ್ನು ಒಟ್ಟಿಗೆ ಅಳೆಯುವ ಸಂಶೋಧನೆ ಗಂಭೀರವಾದದ್ದೇ. 2019ರಲ್ಲಿ ಚೀನಾದ ತಂಡವೊಂದು ಹೆಪಟೈಟಿಸ್-ಬಿ ಸಂಬಂಧಿತ, ಆರಂಭಿಕ ಹಂತದ 101 ಗಡ್ಡೆಗಳನ್ನು ಹೀಗೆ ಅಳೆದು ಮೂರು ಗುಂಪುಗಳಾಗಿ ವಿಂಗಡಿಸಿತು. ಅತ್ಯಂತ ಕೆಟ್ಟ ಫಲಿತಾಂಶದ ಗುಂಪಿನಲ್ಲಿ ಕೊಲೆಸ್ಟರಾಲ್ ಸಂಬಂಧಿತ ಸೋಟ್1 ಎಂಬ ಕಿಣ್ವ ಹೆಚ್ಚಿತ್ತು. ಆದರೆ ಇದು ಸಂಶೋಧನೆಯ ದಾರಿ. ಅದರ ಆಧಾರದ ಮೇಲೆ ಒಬ್ಬ ರೋಗಿಯ ಚಿಕಿತ್ಸೆ ಬದಲಿಸುವ ಹಂತಕ್ಕೆ ಬಂದಿಲ್ಲವಾದ್ದರಿಂದ ಅದಕ್ಕೆಂದು ಹಣ ಖರ್ಚು ಮಾಡುವುದನ್ನು ನಾನು ಸಲಹೆ ಮಾಡಲಾರೆ.

ಉತ್ತರ (ಪೆಥಾಲಜಿಸ್ಟ್)

ಮೇಲಿನ ಮಾತಿಗೆ ನನ್ನ ಸಹಮತವಿದೆ. ಮುಂದಿನ ಭೇಟಿಯಲ್ಲಿ ನಿಮ್ಮ ವೈದ್ಯರನ್ನು ಕೇಳಬೇಕಾದದ್ದು ಹೀಗಿದೆ: ಸಿಕೆ19 ಶೇಕಡಾ ಎಷ್ಟು ಕೋಶಗಳಲ್ಲಿ ಕಂಡಿತು, ಸೂಕ್ಷ್ಮ ರಕ್ತನಾಳಗಳ ಆಕ್ರಮಣ ಇತ್ತೇ, ಶಸ್ತ್ರಚಿಕಿತ್ಸೆಯ ನಂತರದ ಎಎಫ್‌ಪಿ ಎಷ್ಟು, ಮತ್ತು ಇವುಗಳನ್ನು ನೋಡಿ ಸ್ಕ್ಯಾನ್‌ಗಳ ನಡುವಿನ ಅಂತರವನ್ನು ಕಡಿಮೆ ಮಾಡಬೇಕೇ. ಶೇಕಡಾವಾರು ವರದಿಯಲ್ಲಿ ಇಲ್ಲದಿದ್ದರೆ ಪ್ರಯೋಗಾಲಯದವರು ಅದೇ ಸ್ಲೈಡನ್ನು ಮತ್ತೆ ನೋಡಿ ಬರೆದುಕೊಡಬಲ್ಲರು. ಅದಕ್ಕೆ ಹೊಸ ಬಯಾಪ್ಸಿ ಬೇಕಾಗುವುದಿಲ್ಲ.