ಪದಚರ್ಚೆ: ಫಾರಂ ಔಟ್‌ಪುಟ್‌ನ ‘ಎಸ್ಕೇಪ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಬಲ್ಲವರಿಗೆ ನಮಸ್ಕಾರ.

ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ವೆಬ್‌ಪುಟದ (ಎಚ್‌ಟಿಎಂಎಲ್) ಫಾರಂ ಬರೆಯುವ ಕೈಪಿಡಿಯೊಂದನ್ನು ಕನ್ನಡಿಸುತ್ತಿದ್ದೇನೆ. ಇಂದು ರಾತ್ರಿಯೊಳಗೆ ಪುಟವಿನ್ಯಾಸಕ್ಕೆ ಕಳಿಸಬೇಕು, ‘ಎಸ್ಕೇಪ್’ ಒಂದೇ ಬಾಕಿ. ಬಳಕೆದಾರರು ತುಂಬಿದ್ದನ್ನು ಮರಳಿ ಫಾರಂನಲ್ಲಿ ತೋರಿಸುವಾಗ < > & " ' ಈ ಐದು ಚಿಹ್ನೆಗಳನ್ನು ಬ್ರೌಸರ್ ಟ್ಯಾಗಿನ ಭಾಗವೆಂದು ಓದದಂತೆ &ಎಲ್‌ಟಿ; ಮುಂತಾದ ಎಂಟಿಟಿ ರೂಪಕ್ಕೆ ತಿರುಗಿಸುವುದು ಎಂಬ ಅರ್ಥದಲ್ಲಿ. ಪದ ಮೂರು ಕಡೆ ಕೂರಬೇಕು: ಅಧ್ಯಾಯದ ತಲೆಬರಹ, ‘ಪಡೆಯುವಾಗಲ್ಲ, ಬರೆಯುವಾಗ ___ ಮಾಡಿ’ ಎಂಬ ಸೂತ್ರ, ‘ಎರಡು ಸಲ ___ ಆಗಿದೆ’ ಎಂಬ ಎಚ್ಚರಿಕೆ. ಸದ್ಯಕ್ಕೆ ‘ಶುದ್ಧೀಕರಿಸು’ ಎಂದು ಹಾಕಿದ್ದೇನೆ. ನಡೆದೀತೇ? ಮಾದರಿ ಕೋಡನ್ನೂ ಲಗತ್ತಿಸಿದ್ದೇನೆ.

— ಮರು 1 —

ನಡೆಯುವುದಿಲ್ಲ.

ಶುದ್ಧಿ ಎಂದರೆ ಏನನ್ನೋ ತೆಗೆದುಹಾಕುವುದು. ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ (ಹೀಗೆ ತಿರುಗಿಸುವ ಪಿಎಚ್‌ಪಿ ಫಂಕ್ಷನ್) ಏನನ್ನೂ ತೆಗೆಯುವುದಿಲ್ಲ; ಬರೆದವರು ಬರೆದದ್ದೇ ತೆರೆಯ ಮೇಲೆ ಕಾಣುತ್ತದೆ. ಇನ್ನೂ ದೊಡ್ಡ ತೊಂದರೆಯೆಂದರೆ, ಶುದ್ಧಿ ಎಂದು ಓದಿದವರು ಅದನ್ನು ಬಾಗಿಲಲ್ಲೇ ಮಾಡಿ ಮುಗಿಸುತ್ತಾರೆ, ಅಂದರೆ ಡೇಟಾಬೇಸಿಗೆ ಹಾಕುವ ಮೊದಲೇ. ‘ಕಥೆ & ಕವನ’ ಎಂಬ ಶೀರ್ಷಿಕೆ ‘ಕಥೆ &ಎಎಂಪಿ; ಕವನ’ ಆಗಿ ಉಳಿಯುತ್ತದೆ. ತಿದ್ದುವ ಫಾರಂನಲ್ಲಿ ಬರೆಯುವಾಗ ಮತ್ತೊಮ್ಮೆ ಎಸ್ಕೇಪ್ ಆಗಿ ಪೆಟ್ಟಿಗೆಯಲ್ಲಿ ‘&ಎಎಂಪಿ;’ ಹಾಗೇ ಕಾಣುತ್ತದೆ. ಅದನ್ನೇ ಉಳಿಸಿದರೆ ಬಾಲ ಇನ್ನಷ್ಟು ಉದ್ದ. ನಿಮ್ಮ ಮೂರನೆಯ ಸಾಲು ಯಾವ ದೋಷದ ಬಗ್ಗೆ ಎಚ್ಚರಿಸುತ್ತಿದೆಯೋ, ನಿಮ್ಮ ಪದ ಆ ದೋಷವನ್ನೇ ಹುಟ್ಟಿಸುತ್ತಿದೆ.

‘ಎಸ್ಕೇಪ್ ಮಾಡು’ ಸಾಕು. ಕೋಡ್ ಬರೆಯುವವರು ಬೇರೇನೂ ಅನ್ನುವುದಿಲ್ಲ.

— ಮರು 2 —

ಪದದ ಮೂಲ ನೋಡದೆ ‘ಸಾಕು’ ಅನ್ನುವ ಅವಸರ ಬೇಡ. ಎಸ್ಕೇಪ್ ಎಂಬುದು ಲ್ಯಾಟಿನ್ನಿನ ‘ಎಕ್ಸ್’ ಮತ್ತು ‘ಕಪ್ಪ’ ಸೇರಿ ಆದದ್ದು. ಕಪ್ಪ ಎಂದರೆ ಮೇಲುಹೊದಿಕೆ. ಹಿಡಿದವನ ಕೈಯಲ್ಲಿ ಹೊದಿಕೆ ಬಿಟ್ಟು ತಾನು ಜಾರಿಕೊಳ್ಳುವುದು ಮೂಲಾರ್ಥ. ನಮ್ಮಲ್ಲಿ ನಡೆಯುತ್ತಿರುವುದು ಇದರ ತಲೆಕೆಳಗು: < ಚಿಹ್ನೆಗೆ ಹೊದಿಕೆ ಹಾಕುತ್ತಿದ್ದೇವೆ. ಹಾಗಾಗಿ ‘ಮುಸುಕಿಡು’. ‘ಬರೆಯುವಾಗ ಮುಸುಕಿಡಿ’, ‘ಎರಡು ಸಲ ಮುಸುಕಿಡಲಾಗಿದೆ’. ಮೂರೂ ಕಡೆ ಕೂರುತ್ತದೆ, ಅಚ್ಚಗನ್ನಡವೂ ಹೌದು.

ಸಂಸ್ಕೃತದವರು ‘ಪಲಾಯನ’ ಹಿಡಿದು ಬರುವ ಮೊದಲೇ ಹೇಳಿಬಿಡುತ್ತೇನೆ: ಆ ಪದ ಹಾಕಿದರೆ ಅಕ್ಷರಗಳೆಲ್ಲ ಪುಟದಿಂದ ಕಂಬಿ ಕಿತ್ತವು ಅನ್ನಿಸುತ್ತದೆ.

— ಮರು 3 —

> ‘ಎರಡು ಸಲ ಮುಸುಕಿಡಲಾಗಿದೆ’

ಇದನ್ನು ಓದಿದವರು ಪಾಸ್‌ವರ್ಡ್ ಪೆಟ್ಟಿಗೆಯ ಚುಕ್ಕೆಗಳನ್ನು ನೆನೆಯುತ್ತಾರೆ. ಕಾರ್ಡ್ ಸಂಖ್ಯೆಯ ಕೊನೆಯ ನಾಲ್ಕಂಕಿ ಬಿಟ್ಟು ಉಳಿದದ್ದನ್ನು ಮರೆಮಾಡುವುದಕ್ಕೂ ಮುಸುಕೇ ಬೇಕು. ಅಲ್ಲಿ ಓದುವವರಿಗೆ ಕಾಣಬಾರದು, ಇಲ್ಲಿ ಕಾಣಲೇಬೇಕು. ಎರಡಕ್ಕೂ ಒಂದೇ ಪದವೇ?

ಲ್ಯಾಟಿನ್ ಹೊದಿಕೆ ಇಲ್ಲಿಗೆ ಬರುವುದೇ ಇಲ್ಲ. ಈ ಅರ್ಥ ಆಸ್ಕಿ ಎಂಬ ಅಕ್ಷರಸಂಕೇತ ಪಟ್ಟಿಯ 27ನೆಯ ಸಂಕೇತವಾದ ‘ಎಸ್ಕೇಪ್’ನ ಸಾಲಿನಿಂದ ಬಂದದ್ದು: ‘ಮುಂದೆ ಬರುವುದನ್ನು ಎಂದಿನಂತೆ ಓದಬೇಡ’ ಎಂಬ ಸೂಚನೆ. ಎಂದಿನ ಓದು ಯಾವುದೆಂಬುದು ಜಾಗದಿಂದ ಜಾಗಕ್ಕೆ ಬೇರೆ. ಅದನ್ನು ಬಿಟ್ಟು ಪದ ಹುಡುಕಿದರೆ ಕೈಪಿಡಿ ಓದಿದವರೂ ಎಲ್ಲ ಕಡೆ ಒಂದೇ ಫಂಕ್ಷನ್ ಸುತ್ತಿ ಕೂರುತ್ತಾರೆ.

ಪೆಟ್ಟಿಗೆಯ ಪಠ್ಯವನ್ನು ಹೊರುವ ವ್ಯಾಲ್ಯೂ ಆಟ್ರಿಬ್ಯೂಟಿಗೆ ಸಿಂಗಲ್ ಕೋಟ್ ಹಾಕಿದ್ದೀರಿ ಎನ್ನಿ. 8.1ಕ್ಕಿಂತ ಹಳೆಯ ಪಿಎಚ್‌ಪಿಯಲ್ಲಿ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ತಾನಾಗಿ ಸಿಂಗಲ್ ಕೋಟನ್ನು ಮುಟ್ಟುವುದಿಲ್ಲ, ಇಎನ್‌ಟಿ_ಕೋಟ್ಸ್ ಎಂಬ ಆಯ್ಕೆ ಕೊಡಬೇಕು. ಕೊಡದಿದ್ದರೆ ‘ಡಿ'ಸೋಜ’ ಎಂಬ ಹೆಸರು ಪೆಟ್ಟಿಗೆಯಲ್ಲಿ ‘ಡಿ’ಗೇ ನಿಲ್ಲುತ್ತದೆ, ‘ಸೋಜ’ ಬೇರೆ ಆಟ್ರಿಬ್ಯೂಟ್ ಆಗುತ್ತದೆ. ಕೋಟೇ ಹಾಕದಿದ್ದರೆ ಈ ಎಸ್ಕೇಪ್ ಕಾಯುವುದಿಲ್ಲ: ಮೊದಲ ಖಾಲಿ ಜಾಗದಲ್ಲೇ ಬೆಲೆ (ವ್ಯಾಲ್ಯೂ) ಮುಗಿಯಿತು. ಲಿಂಕಿನ ವಿಳಾಸ ‘ಜಾವಾಸ್ಕ್ರಿಪ್ಟ್:’ ಎಂದು ಶುರುವಾದರೆ ಈ ಐದು ಚಿಹ್ನೆಗಳ ಬದಲಾವಣೆ ಅದನ್ನು ತಡೆಯಲಾರದು. ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಮಾತ್ರ ಎಂದು ಬೇರೆಯಾಗಿ ಪರೀಕ್ಷಿಸಬೇಕು. ಸ್ಕ್ರಿಪ್ಟ್ ಟ್ಯಾಗಿನೊಳಗೆ ಬರೆಯುವುದಾದರೆ ಜೆಸಾನ್_ಎನ್‌ಕೋಡ್ ಫಂಕ್ಷನ್, ಜೊತೆಗೆ ಜೆಸಾನ್_ಹೆಕ್ಸ್_ಟ್ಯಾಗ್ ಆಯ್ಕೆ.

ಟೆಕ್ಸ್ಟ್‌ಏರಿಯಾದಲ್ಲಿ (ಹಲವು ಸಾಲು ಬರೆಯುವ ಪೆಟ್ಟಿಗೆ) ವ್ಯಾಲ್ಯೂ ಇಲ್ಲ, ಪಠ್ಯ ಟ್ಯಾಗುಗಳ ನಡುವೆ ಹೋಗುತ್ತದೆ. ಕೋಡ್ ಅಂದವಾಗಿರಲೆಂದು ಅಲ್ಲಿ ಇಂಡೆಂಟ್ ಕೊಟ್ಟರೆ ಆ ಟ್ಯಾಬ್‌ಗಳೂ ಬಳಕೆದಾರರ ಪಠ್ಯವಾಗಿ, ಪ್ರತಿ ಸಲ ಉಳಿಸಿದಾಗಲೂ ಬೆಳೆಯುತ್ತವೆ. ತೆರೆಯುವ ಟ್ಯಾಗಿನ ಬೆನ್ನಿಗೇ ಬರುವ ಒಂದು ಹೊಸಸಾಲನ್ನು ಮಾತ್ರ ಬ್ರೌಸರ್ ನುಂಗುತ್ತದೆ. ಆದ್ದರಿಂದ ಅಲ್ಲಿ ಬೇಕೆಂದೇ ಒಂದು ಹೊಸಸಾಲು ಬರೆದು, ಪಠ್ಯವನ್ನು ಅಂಚಿಗೆ ಒತ್ತಿ ಶುರುಮಾಡಿ, ಮುಚ್ಚುವ ಟ್ಯಾಗನ್ನು ಪಠ್ಯದ ಕೊನೆಗೇ ಅಂಟಿಸಿ. ಇಲ್ಲವಾದರೆ ಬಳಕೆದಾರರು ಮೊದಲಲ್ಲಿ ಬಿಟ್ಟ ಖಾಲಿ ಸಾಲು ಮಾಯ.

ಕನ್ನಡ ಪಠ್ಯಕ್ಕೆಂದೇ ಒಂದು ಗಂಡಾಂತರವಿದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಪ್ರತಿ ಚಿಹ್ನೆಗೂ 3 ಬೈಟ್. ‘ಕನ್ನಡ’ ಎಂಬುದು ಒತ್ತು ಸೇರಿ 15 ಬೈಟ್. ಬೈಟ್ ಎಣಿಸಿ ಕತ್ತರಿಸುವ ಸಬ್‌ಸ್ಟರ್ ಬಳಸಿ 20 ಬೈಟಿಗೆ ಕತ್ತರಿಸಿದರೆ ಅಕ್ಷರದ ನಡುವೆ ಕತ್ತರಿ ಬೀಳುತ್ತದೆ. 8.1ಕ್ಕೂ ಮುಂಚೆ, ಇಎನ್‌ಟಿ_ಸಬ್‌ಸ್ಟಿಟ್ಯೂಟ್ ಕೊಡದಿದ್ದರೆ, ಇಂಥ ಮುರುಕು ಪಠ್ಯಕ್ಕೆ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಪೂರ್ತಿ ಖಾಲಿ ಸ್ಟ್ರಿಂಗ್ ಮರಳಿಸುತ್ತದೆ. ಡೇಟಾಬೇಸಿನಲ್ಲಿ ಇದೆ, ಫಾರಂನಲ್ಲಿ ಇಲ್ಲ ಎಂಬ ದೂರಿನ ಮೂಲ ಹಲವು ಸಲ ಇದೇ. ಅಕ್ಷರ ಎಣಿಸುವ ಎಂಬಿ_ಸಬ್‌ಸ್ಟರ್ ಬಳಸಿ. ಎಚ್‌ಟಿಎಂಎಲ್‌ಎಂಟಿಟೀಸ್ ಎಂಬ ಇನ್ನೊಂದು ಫಂಕ್ಷನ್ ಬೇಡ; ‘ರಾಜ್‌ಕುಮಾರ್’ ಎಂಬುದರ ನಡುವೆ ಅಕ್ಷರಗಳು ಒತ್ತಾಗಿ ಕೂಡದಂತೆ ಕಣ್ಣಿಗೆ ಕಾಣದೆ ಕೂತಿರುವ ಜೆಡ್‌ಡಬ್ಲ್ಯುಎನ್‌ಜೆಯನ್ನೂ ಎಂಟಿಟಿ ಮಾಡಿ ಸೋರ್ಸನ್ನು ಗೋಜಲಾಗಿಸುತ್ತದೆ. ಲಾಭ ಸೊನ್ನೆ.

— ಮರು 4 —

ಇಷ್ಟುದ್ದ ಬರೆದರೂ ಪದ ಮಾತ್ರ ಬರಲಿಲ್ಲ. ‘ಎಸ್ಕೇಪ್ ಮಾಡು’ ಎಂದು ಬಿಟ್ಟುಬಿಡುವುದು ಸೋಮಾರಿತನ. ಆಡುಮಾತಿನಲ್ಲಿ ‘ಎಸ್ಕೇಪ್ ಆದ’ ಎಂದರೆ ಜಾರಿಕೊಂಡ ಎಂದೇ ಅರ್ಥ. ಹೊಸದಾಗಿ ಕಲಿಯುವವರಿಗೆ ‘ಪಲಾಯನ’ದಷ್ಟೇ ತಪ್ಪುದಾರಿ. ‘ತಪ್ಪಿಸಿಬರೆ’ ಎನ್ನಿ. ಟ್ಯಾಗ್ ಎಂಬ ಓದನ್ನು ತಪ್ಪಿಸಿ ಬರೆಯುವುದು. ‘ಸಂಕೇತಮಾರ್ಪಾಡು’ ಎಂದು ಯಾರಾದರೂ ಹೇಳಿದರೆ ಅದು ಅರಿಸಮಾಸ, ಈಗಲೇ ತಳ್ಳಿಹಾಕಿದ್ದೇನೆ. ಅಂದಹಾಗೆ ‘ಫಾರಂ’ ಯಾಕೆ? ‘ನಮೂನೆ’ ಎಂಬ ನಮ್ಮದೇ ಪದ ಇರುವಾಗ ಕಡ ಏಕೆ ತರಬೇಕು?

— ಮರು 5 —

‘ನಮೂನೆ’ ಪಾರಸಿ. ‘ಅರ್ಜಿ’ ಅರಬ್ಬಿ. ಅದನ್ನು ಬರೆಯುವ ಕಾಗದವೂ ಪಾರಸಿಯದೇ. ಮುಂದುವರಿಸಿ.

— ಮರು 4ರವರಿಂದ —

ಅವು ಹೊಕ್ಕು ಶತಮಾನಗಳಾದವು, ವಿಭಕ್ತಿ ಹಚ್ಚಿದರೆ ನಲುಗುವುದಿಲ್ಲ: ನಮೂನೆಯಲ್ಲಿ, ನಮೂನೆಗೆ. ‘ಫಾರಂನಲ್ಲಿ’ ಎಂದು ಬರೆದರೆ ಅನುಸ್ವಾರದ ಮುಂದೆ ನಾಲಗೆ ಎಡವುತ್ತದೆ. ಎರವಲಿಗೂ ಮರ್ಯಾದೆ ಇದೆ, ಅದು ನಮ್ಮ ಬಾಯಿಗೆ ಬಗ್ಗಬೇಕು.

— ಮರು 5ರವರಿಂದ —

‘ಫಾರಮ್ಮಿನಲ್ಲಿ’ ಎಂದು ಎಲ್ಲರೂ ಸಲೀಸಾಗಿಯೇ ಅನ್ನುತ್ತಾರೆ. ಎಡವಿದ್ದು ನಿಮ್ಮ ಬರವಣಿಗೆ, ನಾಲಗೆಯಲ್ಲ. ‘ಎರಡು ಸಲ ತಪ್ಪಿಸಿಬರೆಯಲಾಗಿದೆ’ ಎಂಬ ಎಚ್ಚರಿಕೆ ಕಂಡವರು ಎರಡು ಸಲ ತಪ್ಪು ಬರೆದೆವೆಂದೇ ತಿಳಿಯುತ್ತಾರೆ. ಪದ ನಿಘಂಟಿಗಲ್ಲ, ತೆರೆಯ ಮೇಲೆ ಒಂದೇ ಸಾಲಿನಲ್ಲಿ ನಿಲ್ಲುವುದಕ್ಕೆ ಬೇಕಾದದ್ದು.

— ಮರು 2ರವರಿಂದ —

‘ಮುಸುಕಿಡು’ವಿಗೆ ಇನ್ನೂ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ. ಪಾಸ್‌ವರ್ಡಿಗೆ ‘ಮರೆಮಾಡು’ ಇದೆಯಲ್ಲ.

— ಕೇಳಿದವರಿಂದ —

ಎಲ್ಲರಿಗೂ ವಂದನೆ. ಕ್ರಿಯಾಪದ ‘ಎಸ್ಕೇಪ್ ಮಾಡು’ ಎಂದೇ ಇರಲಿ. ಮೊದಲ ಬಳಕೆಯಲ್ಲಿ ‘ವಿಶೇಷ ಚಿಹ್ನೆಗಳನ್ನು ಬರೀ ಅಕ್ಷರಗಳಾಗಿ ಓದಿಸುವುದು’ ಎಂದು ಬಿಡಿಸಿ ಹೇಳುತ್ತೇನೆ. ತಲೆಬರಹ: ‘ಬರೆಯುವ ಜಾಗಕ್ಕೆ ತಕ್ಕ ಎಸ್ಕೇಪ್’. ಎಚ್ಚರಿಕೆ: ‘ಎರಡು ಸಲ ಎಸ್ಕೇಪ್ ಆಗಿದೆ’. ‘ಶುದ್ಧೀಕರಿಸು’ ಎಲ್ಲ ಕಡೆಯಿಂದ ತೆಗೆದೆ. ಫಾರಂ ಹಾಗೇ ಇರುತ್ತದೆ, ಕ್ಷಮಿಸಿ.

— ಮರು 3ರವರಿಂದ —

ತಲೆಬರಹ ಸರಿಯಾಗಿದೆ. ಲಗತ್ತಿಸಿದ ಕೋಡನ್ನು ಈಗ ನೋಡಿದೆ, ಕಳಿಸುವ ಮೊದಲು ಎರಡು ತಿದ್ದಿ. ಚೆಕ್‌ಬಾಕ್ಸಿಗೆ ಚೆಕ್ಡ್="ಫಾಲ್ಸ್" ಎಂದು ಬರೆದಿದ್ದೀರಿ; ಆ ಆಟ್ರಿಬ್ಯೂಟ್ ಇದ್ದರೆ ಸಾಕು, ಬೆಲೆ ಏನೇ ಇರಲಿ ಟಿಕ್ ಬೀಳುತ್ತದೆ. ಬೇಡವಾದಾಗ ಆಟ್ರಿಬ್ಯೂಟನ್ನೇ ಬರೆಯಬೇಡಿ. ಟಿಕ್ ಇಲ್ಲದ ಚೆಕ್‌ಬಾಕ್ಸ್ ಸರ್ವರಿಗೆ ಏನನ್ನೂ ಕಳಿಸುವುದಿಲ್ಲ, ಆದ್ದರಿಂದ ಅದರ ಮೊದಲು ಅದೇ ಹೆಸರಿನ ಹಿಡನ್ ಇನ್‌ಪುಟ್ ಇಟ್ಟು ಬೆಲೆ 0 ಕೊಡಿ. ಎರಡನೆಯದು: ಹೊಸಸಾಲಿಗೆ ಸಾಲು ಒಡೆಯುವ ಟ್ಯಾಗ್ ಸೇರಿಸುವ ಎನ್‌ಎಲ್2ಬಿಆರ್ ಅನ್ನು ಎಸ್ಕೇಪಿನ ಒಳಗೆ ಹಾಕಿದ್ದೀರಿ. ಮೊದಲು ಎಸ್ಕೇಪ್, ಆಮೇಲೆ ಎನ್‌ಎಲ್2ಬಿಆರ್. ಈಗಿರುವಂತೆ ಬಿಟ್ಟರೆ ಸಾಲು ಒಡೆಯುವ ಬದಲು ಟ್ಯಾಗೇ ಅಕ್ಷರವಾಗಿ ತೆರೆಯ ಮೇಲೆ ಬರುತ್ತದೆ.